ಕೊರ್ಕಮ್ರೋ ಮಠ ಬರ್ರೆನ್‌ನಲ್ಲಿ, ಬರ್ರೆನ್ ಕೇಂದ್ರ ಕೊರ್ಕಮ್ರೋದಲ್ಲಿ: ಒಂದು ಐರಿಶ್ ಬ್ಯಾರನಿಯ ಗಡಿ ಹುಡುಕುತ್ತಾ

ಇಂಚಿಕ್ವಿನ್ ವಾಸಿ:

ಎಲ್ಲರಿಗೂ ನಮಸ್ಕಾರ. ಐರ್ಲೆಂಡಿನ ಪಶ್ಚಿಮಕ್ಕಿರೋ ಕ್ಲೇರ್ ಕೌಂಟಿಗೆ ನಾವು ಬಂದು ಏಳು ವರ್ಷ ಆಯ್ತು. ಹೋದ ವರ್ಷ ಕೊರೊಫಿನ್ ಹತ್ತಿರ ಒಂದು ಹಳೇ ಮನೆ ಕೊಂಡ್ವಿ. ನೋಂದಣಿ ಆದ ಮೇಲೆ ಫೋಲಿಯೊ ಕೈಗೆ ಬಂತು, ನಮ್ಮ ಕಡೆ ಪಹಣಿ ಇದ್ದ ಹಾಗೆ ಅಂದ್ಕೊಳ್ಳಿ. ಅದರಲ್ಲಿ ಮನೆ ನಂಬರ್ ಇಲ್ಲ, ರಸ್ತೆ ಹೆಸರೂ ಇಲ್ಲ. ಟೌನ್‌ಲ್ಯಾಂಡ್ ಹೆಸರು, ಅದರ ಮುಂದೆ ‘ಇಂಚಿಕ್ವಿನ್ ಬ್ಯಾರನಿ’, ಆಮೇಲೆ ಕೌಂಟಿ. ಬ್ಯಾರನಿ ಅಂದರೇನು ಅಂತ ಅವತ್ತು ಗೊತ್ತಿರಲಿಲ್ಲ.

ಪಕ್ಕದ ಹೊಲದ ಹಿರಿಯರ ಹತ್ತಿರ ಮಾತಾಡುವಾಗ ‘ನಾವು ಬರ್ರೆನ್‌ನಲ್ಲಿ ಮನೆ ತಗೊಂಡ್ವಿ’ ಅಂದೆ. (ಬರ್ರೆನ್ ಅಂದರೆ ಕ್ಲೇರ್‌ನ ಉತ್ತರದ ಸುಣ್ಣಕಲ್ಲಿನ ಗುಡ್ಡಸೀಮೆ.) ಅವರು ಕೈಲಿದ್ದ ಬಕೆಟ್ ಕೆಳಗಿಟ್ಟು, ಉತ್ತರದ ಬೂದು ಗುಡ್ಡಗಳ ಕಡೆ ಕೈ ತೋರಿಸಿ, ‘ಬರ್ರೆನ್ ಅಲ್ಲಿ. ನೀವಿರೋದು ಇಂಚಿಕ್ವಿನ್’ ಅಂದರು. ನಮ್ಮೂರಿನ ಫಲಕಗಳ ತುಂಬ ಬರ್ರೆನ್ ಅಂತಲೇ ಇದೆ. ರಾಷ್ಟ್ರೀಯ ಉದ್ಯಾನದ ಹೆಸರೂ ಬರ್ರೆನ್. ಆದರೂ ಅವರ ಲೆಕ್ಕದಲ್ಲಿ ಗೆರೆ ಬೇರೆ ಕಡೆ ಇತ್ತು. ಅವತ್ತಿನಿಂದ ಆ ಗೆರೆ ಹುಡುಕೋದೇ ನನಗೆ ಭಾನುವಾರದ ಕೆಲಸ.

ಮೊದಲು ಲೆಕ್ಕ ಹೇಳಿಬಿಡ್ತೀನಿ. ಐರ್ಲೆಂಡಿನಲ್ಲಿ 4 ಪ್ರಾಂತ್ಯ, 32 ಕೌಂಟಿ. ಕೌಂಟಿಯ ಒಳಗೆ ಬ್ಯಾರನಿ, ಇಡೀ ದ್ವೀಪಕ್ಕೆ ಸುಮಾರು 330. ಅದರ ಕೆಳಗೆ ಸಿವಿಲ್ ಪ್ಯಾರಿಷ್, ಸುಮಾರು 2,500. ಎಲ್ಲಕ್ಕಿಂತ ಕೆಳಗೆ ಟೌನ್‌ಲ್ಯಾಂಡ್, 60,000ಕ್ಕೂ ಹೆಚ್ಚು. ಟೌನ್ ಅಂತ ಹೆಸರಲ್ಲಿದ್ದರೂ ಅದು ಪಟ್ಟಣ ಅಲ್ಲ, ನಾಲ್ಕಾರು ಮನೆ, ಒಂದಿಷ್ಟು ಹೊಲ, ಒಂದು ಗುಡ್ಡದ ಪಕ್ಕೆ, ಅಷ್ಟೇ. ಒಂದೊಂದರಲ್ಲಿ ಮನೆಯೇ ಇಲ್ಲ. ಕ್ಲೇರ್‌ನಲ್ಲಿ 11 ಬ್ಯಾರನಿಗಳು, ಅದರಲ್ಲಿ ಬರ್ರೆನ್ ಒಂದು.

ಬರ್ರೆನ್ ಬ್ಯಾರನಿಯ ಚಕ್ಕುಬಂದಿ ಹೇಳೋದಾದರೆ: ಉತ್ತರಕ್ಕೆ ಗಾಲ್ವೇ ಕೊಲ್ಲಿ, ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರ, ದಕ್ಷಿಣಕ್ಕೆ ಕೊರ್ಕಮ್ರೋ ಬ್ಯಾರನಿ, ಆಗ್ನೇಯಕ್ಕೆ ನಮ್ಮ ಇಂಚಿಕ್ವಿನ್, ಪೂರ್ವಕ್ಕೆ ಗಾಲ್ವೇ ಕೌಂಟಿ. ವಿಸ್ತೀರ್ಣ ಸುಮಾರು 300 ಚದರ ಕಿಲೋಮೀಟರ್. ಕಡಲಂಚಿನಲ್ಲಿ ಬ್ಯಾಲಿವಾನ್ ಅನ್ನೋ ಊರು.

ನನ್ನ ನಿದ್ದೆ ಕೆಡಿಸಿದ್ದು ಇದು. ಕೊರ್ಕಮ್ರೋ ಮಠ ಅಂತ 13ನೇ ಶತಮಾನದ ಆರಂಭದ, ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳ ಮಠವೊಂದಿದೆ. ಅದು ಕೊರ್ಕಮ್ರೋ ಬ್ಯಾರನಿಯಲ್ಲಿಲ್ಲ, ಬರ್ರೆನ್ ಬ್ಯಾರನಿಯ ಒಳಗಿದೆ. ಪ್ರವಾಸಿಗರಿಗೆ ಬರ್ರೆನ್ ಪರಿಚಯ ಮಾಡಿಕೊಡೋ ‘ಬರ್ರೆನ್ ಕೇಂದ್ರ’ ಇರೋದು ಕಿಲ್‌ಫೆನೋರಾದಲ್ಲಿ, ಅಂದರೆ ಕೊರ್ಕಮ್ರೋ ಬ್ಯಾರನಿಯಲ್ಲಿ. ಬರ್ರೆನ್ ರಾಷ್ಟ್ರೀಯ ಉದ್ಯಾನ, ಅದರ ಸುರುಳಿ ಸುತ್ತಿದಂಥ ಮುಲ್ಲಾಮೋರ್ ಗುಡ್ಡ, ಇವೆರಡೂ ಇಂಚಿಕ್ವಿನ್‌ನಲ್ಲಿ. ಹೀಗೆ ಹೆಸರು ಒಂದು ಕಡೆ, ಗಡಿ ಇನ್ನೊಂದು ಕಡೆ ಹೋಗಿದ್ದು ಹೇಗೆ? ತಿಳಿದವರು ಬರೀರಿ.

ಹೊಸಬ:

ಬ್ಯಾರನಿ ಅಂದರೆ ಒಬ್ಬ ಬ್ಯಾರನ್ ಆಳಿದ ಸೀಮೆ ಅಂತ ತಾನೇ? ಬರ್ರೆನ್‌ನ ಬ್ಯಾರನ್ ಯಾರಾಗಿದ್ದ?

ತಾಳೆಗರಿ:

ಯಾರೂ ಆಗಿರಲಿಲ್ಲ. ಹೆಸರು ನಾರ್ಮನ್ನರ ಕಡೆಯಿಂದ ಬಂದದ್ದು, ಆದರೆ ಬರ್ರೆನ್‌ನ ದೊರೆಗಳು ಗೇಲಿಕ್, ಅಂದರೆ ಐರಿಶ್ ಮೂಲದ ಮನೆತನದವರು, ಓಲಾಕ್ಲಿನ್‌ಗಳು. ‘ಬರ್ರೆನ್ನಿನ ರಾಜಕುಮಾರ’ ಅನ್ನೋ ಬಿರುದು ಆ ಮನೆತನದ ಹಿರಿಯನಿಗೆ ಬಹಳ ಕಾಲ ಉಳಿದಿತ್ತು. ಐರ್ಲೆಂಡಿನ ಎಷ್ಟೋ ಬ್ಯಾರನಿಗಳ ಕಥೆ ಹೀಗೇನೇ. 16ನೇ ಶತಮಾನದಲ್ಲಿ ಇಂಗ್ಲಿಷ್ ಆಡಳಿತ ಪಶ್ಚಿಮಕ್ಕೆ ಕೈ ಚಾಚಿದಾಗ ಕೌಂಟಿಗಳನ್ನು ಹೊಸದಾಗಿ ಕೊರೆದರು. ಅದರ ಒಳಗಿನ ತುಂಡುಗಳನ್ನು ಹೊಸದಾಗಿ ಕೊರೆಯೋ ತೊಂದರೆ ತಗೊಳ್ಳದೆ, ಆಗಲೇ ಇದ್ದ ಗೇಲಿಕ್ ಸೀಮೆಗಳನ್ನೇ ಎತ್ತಿ ಬ್ಯಾರನಿ ಅಂತ ಹೆಸರಿಟ್ಟರು.

ಮೂಲ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ. ಈಗಿನ ಬರ್ರೆನ್, ಕೊರ್ಕಮ್ರೋ ಎರಡೂ ಬ್ಯಾರನಿಗಳು ಸೇರಿ ಹಿಂದೆ ಒಂದೇ ಸೀಮೆ. ಅದರ ಹೆಸರು ಕೊರ್ಕೊ ಮೊದ್ರುವದ್, ಅದೇ ಸವೆದು ಕೊರ್ಕಮ್ರೋ ಆಯಿತು. ಮುಂದೆ ಅದು ಎರಡಾಗಿ ಒಡೆಯಿತು. ಈಶಾನ್ಯದ ಪಾಲು ಓಲಾಕ್ಲಿನ್‌ಗಳಿಗೆ, ನೈರುತ್ಯದ ಪಾಲು ಓಕಾನರ್‌ಗಳಿಗೆ. ಈಶಾನ್ಯದ ಪಾಲಿಗೆ ನೆಲದ ಗುಣದ ಹೆಸರೇ ನಿಂತಿತು, ‘ಬೋರಿನ್’ ಅಂದರೆ ಬಂಡೆಗಲ್ಲಿನ ಜಾಗ. ನೈರುತ್ಯದ ಪಾಲಿಗೆ ಹಳೇ ಹೆಸರು ಉಳಿಯಿತು. ಮಠದ ಜೊತೆ ಕೊರ್ಕಮ್ರೋ ಹೆಸರು ಉಳಿದಿರೋದು ಆ ಹಳೇ ಒಟ್ಟು ಸೀಮೆಯ ನೆನಪಾಗಿ.

ಇದಕ್ಕೆ ಇನ್ನೊಂದು ಸಾಕ್ಷಿ ಚರ್ಚಿನ ಕಡೆಯಿಂದ ಸಿಗುತ್ತೆ. ಕಿಲ್‌ಫೆನೋರಾ ಅನ್ನೋ ಪುಟ್ಟ ಧರ್ಮಪ್ರಾಂತ್ಯಕ್ಕೆ 1152ರಲ್ಲಿ ಕೆಲ್ಸ್‌ನಲ್ಲಿ ಸೇರಿದ ಚರ್ಚಿನ ಸಭೆಯಲ್ಲಿ ಮಾನ್ಯತೆ ಸಿಕ್ಕಿತು. ಅದರ ಮೇರೆ ಹೆಚ್ಚುಕಡಿಮೆ ಈ ಎರಡು ಬ್ಯಾರನಿಗಳ ಹೊರಗೆರೆಯೇ. ದೊರೆಗಳು ಹೋದರು, ಕೌಂಟಿ ಬಂತು, ಕಾನೂನು ಬದಲಾಯಿತು, ಬಿಷಪ್ಪರ ಮೇರೆ ಮಾತ್ರ ಹಳೇ ಸೀಮೆಯ ಅಚ್ಚನ್ನು ಹಾಗೇ ಇಟ್ಟುಕೊಂಡಿತು. ಇಂಚಿಕ್ವಿನ್ ಬೇರೆ ಸೀಮೆ, ಅದು ಸೇರೋದು ಕಿಲ್ಲಲೂ ಧರ್ಮಪ್ರಾಂತ್ಯಕ್ಕೆ. ನಿಮ್ಮ ಪಕ್ಕದ ಹೊಲದ ಹಿರಿಯರು ಬಕೆಟ್ ಕೆಳಗಿಟ್ಟು ತೋರಿಸಿದ ಗೆರೆಗೆ ಕಡಿಮೆ ಅಂದರೂ 850 ವರ್ಷ ವಯಸ್ಸಿದೆ.

ನಿವೃತ್ತ ಸರ್ವೇಯರ್:

ಮೂವತ್ತು ವರ್ಷ ಭೂಮಾಪನ ಇಲಾಖೆಯಲ್ಲಿ ಸರಪಳಿ ಎಳೆದವನು ನಾನು. ಓದಿ ಮೈ ಜುಮ್ಮೆಂದಿತು. ತಾಲ್ಲೂಕಿಗೂ ಗ್ರಾಮಕ್ಕೂ ನಡುವೆ ನಮಗೆ ಹೋಬಳಿ ಇದ್ದ ಹಾಗೆ ಇದೂ ಅನ್ನಿಸುತ್ತೆ. ನನ್ನ ಪ್ರಶ್ನೆ: ಬ್ಯಾರನಿಗೆ ಕೆಲಸ ಏನಿತ್ತು? ಕಂದಾಯವೇ?

ತಾಳೆಗರಿ:

ಕಂದಾಯದ ಲೆಕ್ಕ, ರಸ್ತೆ ಸೇತುವೆಗಳ ಖರ್ಚು, ಪೊಲೀಸು, ಇವೆಲ್ಲ. ಕೌಂಟಿಯನ್ನು ‘ಗ್ರ್ಯಾಂಡ್ ಜ್ಯೂರಿ’ ಅನ್ನೋ ಜಮೀನ್ದಾರರ ಮಂಡಳಿ ನೋಡಿಕೊಳ್ಳುತ್ತಿತ್ತು. ಆ ಮಂಡಳಿ ಹಾಕೋ ತೆರಿಗೆ ಬ್ಯಾರನಿ ಬ್ಯಾರನಿಗೆ ಹಂಚಿಕೆ ಆಗ್ತಿತ್ತು. 1898ರ ಸ್ಥಳೀಯ ಸರ್ಕಾರದ ಕಾಯ್ದೆ ಬಂದು ಚುನಾಯಿತ ಕೌಂಟಿ ಕೌನ್ಸಿಲ್‌ಗಳು ಹುಟ್ಟಿದ ಮೇಲೆ ಬ್ಯಾರನಿಯ ಆಡಳಿತದ ಕೆಲಸ ಮುಗಿಯಿತು. ಆದರೆ ಅದನ್ನು ನೆಲದ ದಾಖಲೆಯಿಂದ ಯಾರೂ ಅಳಿಸಲಿಲ್ಲ. ನಮ್ಮ ಸ್ನೇಹಿತರ ಫೋಲಿಯೊದಲ್ಲಿ ಅದು ಇವತ್ತಿಗೂ ಕೂತಿರೋದು ಅದಕ್ಕೇ.

ಕಲ್ಲುಹೂವು:

ನಾನು ಗಾಲ್ವೇಯಲ್ಲಿ ಭೂವಿಜ್ಞಾನ ಓದುತ್ತಿದ್ದೇನೆ. ನೆಲದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ನಾನು ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಬರ್ರೆನ್ ಅಂದರೆ ಸುಣ್ಣದ ಕಲ್ಲು. 33 ಕೋಟಿ ವರ್ಷಗಳ ಹಿಂದೆ, ಹೆಚ್ಚುಕಡಿಮೆ, ಬೆಚ್ಚನೆಯ ಸಮುದ್ರದ ತಳದಲ್ಲಿ ಕೂತ ಕೆಸರು ಇದು. ಹಿಮಯುಗದ ನೀರ್ಗಲ್ಲು ಮೇಲಿಂದ ಉಜ್ಜಿಕೊಂಡು ಹೋಗಿದೆ. ಹೋಗುವಾಗ ಬೇರೆ ಕಡೆಯ ದೊಡ್ಡ ದೊಡ್ಡ ಬಂಡೆಗಳನ್ನು ಅಲ್ಲಲ್ಲಿ ಇಳಿಸಿ ಹೋಗಿದೆ. ಉಳಿದದ್ದು ಚಪ್ಪಡಿ ಹಾಸಿದ ಅಂಗಳದಂಥ ಬಯಲು. ಆ ಚಪ್ಪಡಿಗಳಿಗೆ ‘ಕ್ಲಿಂಟ್’ ಅಂತಾರೆ, ಅವುಗಳ ನಡುವಿನ ಬಿರುಕಿಗೆ ‘ಗ್ರೈಕ್’. ಮಳೆನೀರು ಸುಣ್ಣವನ್ನು ಕರಗಿಸಿ ಕರಗಿಸಿ ಮಾಡಿದ ಬಿರುಕು ಅದು. ಒಂದು ಗ್ರೈಕಿನೊಳಗೆ ಮೊಣಕೈವರೆಗೆ ಕೈ ಇಳಿಸಿ ನೋಡಿ. ಮೇಲೆ ಕಡಲಗಾಳಿ ಕಿವಿ ಕೊರೀತಿರುತ್ತೆ, ಒಳಗೆ ಮಾತ್ರ ತೇವ, ನಿಶ್ಶಬ್ದ, ಬೆರಳಿಗೆ ಜರೀಗಿಡದ ಎಲೆ ತಾಗುತ್ತೆ. ಮೇ ತಿಂಗಳಲ್ಲಿ ಅದೇ ಚಪ್ಪಡಿಗಳ ನಡುವೆ ಜೆನ್ಷಿಯನ್ ಅನ್ನೋ ಪುಟ್ಟ ಹೂವು ಬಿಡುತ್ತೆ, ಕಣ್ಣು ಕುಕ್ಕೋ ನೀಲಿ. ಆಲ್ಪ್ಸ್ ಪರ್ವತದ ಆ ಹೂವು, ಮೆಡಿಟರೇನಿಯನ್ ಕಡೆಯ ಆರ್ಕಿಡ್, ಉತ್ತರದ ಚಳಿನಾಡಿನ ಬಿಳಿ ಮೌಂಟನ್ ಏವನ್ಸ್, ಮೂರೂ ಇಲ್ಲಿ ಒಂದೇ ಹಾಸಿನಲ್ಲಿ ಬೆಳೆಯುತ್ತವೆ. ಮಂಡಿ ಊರಿ ಕೂತರೆ ಎದ್ದೇಳೋಕೆ ಮನಸ್ಸು ಬರಲ್ಲ.

ನೀರು ಮೇಲೆ ನಿಲ್ಲಲ್ಲ, ನೆಲದೊಳಗೆ ಇಳಿದುಬಿಡುತ್ತೆ. ಬರ್ರೆನ್‌ನಲ್ಲಿ ನೆಲದ ಮೇಲೇ ಹರಿದು ಕಡಲು ಸೇರೋ ನದಿ ಒಂದೇ, ಫನೋರ್ ಹತ್ತಿರದ ಕಾಹರ್ ನದಿ. ಇನ್ನು ‘ಟರ್ಲೋಕ್’ ಅನ್ನೋ ಕೆರೆಗಳಿವೆ. ಮಳೆ ಬಂದಾಗ ಅಡಿಯಿಂದ ನೀರು ಉಕ್ಕಿ ಕೆರೆ ಆಗುತ್ತೆ, ಬಿಸಿಲು ಬಂದರೆ ಹುಲ್ಲುಗಾವಲು. ಅದು ಐರಿಶ್ ಭಾಷೆಯ ಪದ, ಈಗ ಭೂವಿಜ್ಞಾನದ ಪದವೂ ಆಗಿದೆ.

1651ರಲ್ಲಿ, ಐರ್ಲೆಂಡನ್ನು ಗೆಲ್ಲೋಕೆ ಬಂದ ಇಂಗ್ಲಿಷ್ ದಂಡನಾಯಕ ಕ್ರಾಮ್‌ವೆಲ್‌ನ ಸೇನಾನಿ ಎಡ್ಮಂಡ್ ಲಡ್ಲೋ ಈ ದಾರಿಯಲ್ಲಿ ದಂಡು ತಗೊಂಡು ಬಂದ. ಅವನ ನೆನಪಿನ ಬರಹದಲ್ಲಿ ‘ಬರ್ರೆನ್ ಬ್ಯಾರನಿ’ ಅಂತ ಹೆಸರು ಹಿಡಿದೇ ಹೇಳ್ತಾನೆ: ಮನುಷ್ಯನನ್ನು ಮುಳುಗಿಸೋಕೆ ನೀರಿಲ್ಲ, ನೇಣು ಹಾಕೋಕೆ ಮರ ಇಲ್ಲ, ಹೂಳೋಕೆ ಮಣ್ಣಿಲ್ಲ ಅಂತ ಈ ಸೀಮೆಯ ಬಗ್ಗೆ ಜನ ಅಂತಾರಂತೆ. ಎಲ್ಲರೂ ಇಲ್ಲಿಗೇ ನಿಲ್ಲಿಸ್ತಾರೆ. ಅವನು ನಿಲ್ಲಿಸಿಲ್ಲ. ಇಷ್ಟಾದರೂ ದನಗಳು ಚೆನ್ನಾಗಿ ಕೊಬ್ಬಿವೆ, ಬಂಡೆಗಳ ನಡುವಿನ ಎರಡು ಮೂರು ಅಡಿ ಉದ್ದಗಲದ ಮಣ್ಣಿನ ತುಂಡುಗಳಲ್ಲಿ ಬೆಳೆಯೋ ಹುಲ್ಲು ಸಿಹಿಯಾಗಿ, ಪುಷ್ಟಿಯಾಗಿ ಇರುತ್ತೆ ಅಂತಲೂ ಬರೆದಿದ್ದಾನೆ. ಈ ಎರಡನೇ ಮಾತಲ್ಲೇ ಬರ್ರೆನ್‌ನ ಜೀವ ಇರೋದು.

ಬೇರೆ ಗುಡ್ಡಗಾಡುಗಳಲ್ಲಿ ದನಗಳನ್ನು ಬೇಸಿಗೆಗೆ ಮೇಲೆ ಹತ್ತಿಸಿ, ಚಳಿಗಾಲಕ್ಕೆ ಕೆಳಗೆ ಇಳಿಸ್ತಾರೆ. ಬರ್ರೆನ್‌ನಲ್ಲಿ ತಿರುವುಮುರುವು. ಅಕ್ಟೋಬರ್ ಕೊನೆಗೆ ದನ ಮೇಲೆ ಹತ್ತುತ್ತವೆ, ಏಪ್ರಿಲ್ ಕೊನೆಯ ಹೊತ್ತಿಗೆ ಇಳಿಯುತ್ತವೆ. ಕಲ್ಲು ಬೇಸಿಗೆಯ ಬಿಸಿ ಹಿಡಿದಿಟ್ಟು ಮೆಲ್ಲಗೆ ಬಿಡುತ್ತೆ, ನೀರು ಬಸಿದು ಹೋಗೋದರಿಂದ ದನಕ್ಕೆ ಮಲಗೋಕೆ ಒಣ ಜಾಗ. ಇದಕ್ಕೆ ‘ವಿಂಟರೇಜ್’ ಅಂತಾರೆ. ಚಳಿಗಾಲದಲ್ಲಿ ದನ ಒರಟು ಹುಲ್ಲನ್ನೂ ಎಳೆ ಪೊದೆಯನ್ನೂ ಮೇಯ್ದು ತೆಗೆಯೋದರಿಂದಲೇ ವಸಂತದಲ್ಲಿ ಹೂವಿಗೆ ಬೆಳಕು ಸಿಗೋದು. ದನ ಹತ್ತಿಸೋದು ಕಡಿಮೆಯಾದ ಕಡೆ ಹೇಜಲ್ ಪೊದೆ ಹೊದ್ದುಕೊಂಡು ಹೂವು ಮಾಯ. 2005ರಲ್ಲಿ ಶುರುವಾದ ಬರ್ರೆನ್‌ಲೈಫ್ ಯೋಜನೆ ರೈತರ ಜೊತೆ ಕೂತು ಕೆಲಸ ಮಾಡಿದ್ದು ಇದಕ್ಕೇ.

ಹೊಸಬ:

ಮಣ್ಣು ಮೊದಲಿಂದಲೂ ಇರಲಿಲ್ಲವಾ?

ಕಲ್ಲುಹೂವು:

ಇತ್ತು. ಪೈನ್, ಹೇಜಲ್, ಯೂ ಮರಗಳ ಕಾಡೂ ಇತ್ತು. ಮೊದಲ ಬೇಸಾಯಗಾರರ ಕಾಲದಿಂದ ಮರ ಕಡಿಯುತ್ತಾ ಬಂದ ಹಾಗೆ ಮಣ್ಣು ತೊಳೆದು ಬಿರುಕುಗಳಿಗೆ ಇಳಿಯಿತು. ಆ ಬೇಸಾಯಗಾರರು ಕಟ್ಟಿದ್ದೇ ಪೌಲ್ನಬ್ರೋನ್ ಶಿಲಾಸಮಾಧಿ, ಬರ್ರೆನ್ ಬ್ಯಾರನಿಯ ನಡುಮಧ್ಯೆ. 1980ರ ದಶಕದಲ್ಲಿ ಅಗೆದಾಗ 30ಕ್ಕೂ ಹೆಚ್ಚು ಜನರ ಮೂಳೆಗಳು ಸಿಕ್ಕವು, 5,000 ವರ್ಷಕ್ಕೂ ಹಳೆಯವು. ಅವು ಯಾವ ಬ್ಯಾರನಿಯನ್ನೂ ಕಂಡಿಲ್ಲ.

ಗಟ್ಟಿದನಿ:

ಒಂದು ಭಿನ್ನಾಭಿಪ್ರಾಯ. ಇಷ್ಟು ಪ್ರೀತಿಯಿಂದ ಬರೀತಿದ್ದೀರಿ, ಆದರೆ ಬ್ಯಾರನಿ ಅನ್ನೋದು ಜನರನ್ನು ನೆಲದಿಂದ ಎಬ್ಬಿಸೋಕೆ ಬಳಸಿದ ಆಯುಧ. ಕ್ರಾಮ್‌ವೆಲ್ ಕಾಲದ 1652ರ ಕಾಯ್ದೆಯ ನಂತರ ಕ್ಯಾಥೊಲಿಕ್ ಭೂಮಾಲೀಕರು ಜಮೀನು ಬಿಟ್ಟು 1654ರ ಮೇ 1ರೊಳಗೆ ಶಾನನ್ ನದಿ ದಾಟಬೇಕು ಅಂತ ಆಜ್ಞೆ ಆಯಿತು. ‘ನರಕಕ್ಕೆ ಹೋಗು, ಇಲ್ಲ ಕಾನಾಕ್ಟ್‌ಗೆ ಹೋಗು’ ಅನ್ನೋ ಮಾತು ಇವತ್ತಿಗೂ ಐರಿಶ್ ಜನರ ಬಾಯಲ್ಲಿದೆ. ಕಾನಾಕ್ಟ್ ಅಂದರೆ ನದಿಯಾಚೆಯ ಪಶ್ಚಿಮದ ಪ್ರಾಂತ್ಯ. ಆಗ ಕ್ಲೇರ್ ಕೂಡ ಕಾನಾಕ್ಟ್ ಕಡೆಗೆ ಸೇರಿತ್ತು. ಯಾರ ನೆಲ ಎಷ್ಟು, ಅದು ಯಾರಿಗೆ ಹೋಯಿತು ಅಂತ ಪುಸ್ತಕಗಳಲ್ಲಿ ಬರೆದದ್ದು ಬ್ಯಾರನಿವಾರು. ಆ ಪಟ್ಟಿಯ ತಲೆಬರಹವನ್ನು ನಾವು ಯಾಕೆ ಮುದ್ದು ಮಾಡಬೇಕು?

ಇಂಚಿಕ್ವಿನ್ ವಾಸಿ:

ನಿಮ್ಮ ಮಾತಿನ ನೋವು ನನಗೆ ಅರ್ಥ ಆಗುತ್ತೆ, ಅದು ನಿಜ ಕೂಡ. ಆದರೆ ಒಂದು ಯೋಚನೆ ಮಾಡಿ. ಕಳೆದುಕೊಂಡವರ ಹೆಸರು ಇವತ್ತು ಸಿಗೋದೂ ಅದೇ ಪಟ್ಟಿಯಲ್ಲಿ. 1922ರಲ್ಲಿ ಡಬ್ಲಿನ್‌ನ ದಾಖಲೆ ಕಚೇರಿ ಸುಟ್ಟು 19ನೇ ಶತಮಾನದ ಮೊದಲ ಜನಗಣತಿಗಳು ಬೂದಿ ಆದವು. ಆಮೇಲೆ ಅಮೆರಿಕ, ಆಸ್ಟ್ರೇಲಿಯಾದಿಂದ ಬಂದು ‘ನಮ್ಮ ಮುತ್ತಜ್ಜ ಎಲ್ಲಿದ್ದ’ ಅಂತ ಕೇಳೋ ಜನಕ್ಕೆ ಉಳಿದಿರೋ ದೊಡ್ಡ ಆಸರೆ ಗ್ರಿಫಿತ್ ಮೌಲ್ಯಮಾಪನ, ಅಂದರೆ ತೆರಿಗೆಗಾಗಿ ಮನೆ ಜಮೀನಿಗೆ ಬೆಲೆ ಕಟ್ಟಿದ ಪಟ್ಟಿ, ಕ್ಲೇರ್‌ಗೆ ಅದು ಬಂದದ್ದು 1855ರಲ್ಲಿ. ಅದರ ಜೋಡಣೆ ಕೂಡ ಕೌಂಟಿ, ಬ್ಯಾರನಿ, ಪ್ಯಾರಿಷ್, ಟೌನ್‌ಲ್ಯಾಂಡ್ ಅಂತಲೇ. 1840ರ ದಶಕದ ಮಹಾ ಬರಗಾಲದಲ್ಲಿ ಖಾಲಿಯಾದ ಮನೆಗಳ ಗೋಡೆಗಳನ್ನು ನಾನು ಬರ್ರೆನ್‌ನಲ್ಲಿ ಕೈಯಿಂದ ಮುಟ್ಟಿದ್ದೀನಿ. ಆ ಮನೆಯವರ ಹೆಸರು ತಿಳೀಬೇಕು ಅಂದರೆ ಮೊದಲು ಬ್ಯಾರನಿ ಗೊತ್ತಿರಬೇಕು.

ತಾಳೆಗರಿ:

ಇಬ್ಬರದೂ ಸರಿ ಅನ್ನಿಸುತ್ತೆ. ನನ್ನ ಕಡೆಯಿಂದ ಒಂದು ಸೇರಿಸ್ತೀನಿ. ಗೆರೆ ಇಂಗ್ಲಿಷರದ್ದೂ ಅಲ್ಲ, ಅವರು ಅದಕ್ಕೆ ಇಟ್ಟ ಹೆಸರು ಮತ್ತು ಅದರಿಂದ ಮಾಡಿದ ಕೆಲಸ ಅವರದ್ದು. ಅದೇ ಬರ್ರೆನ್‌ನಲ್ಲಿ ಕಾಹರ್‌ಮಕ್ನಾಟನ್ ಅನ್ನೋ ಕಲ್ಲುಕೋಟೆ ಇದೆ, ಓಡವೊರೆನ್ ಮನೆತನದ ಕಾನೂನು ಪಾಠಶಾಲೆ ನಡೀತಿದ್ದ ಜಾಗ. ಇಂಗ್ಲಿಷ್ ಕಾನೂನು ಬಾಗಿಲು ತಟ್ಟುತ್ತಿದ್ದ 16ನೇ ಶತಮಾನದಲ್ಲೂ ಆ ಮನೆತನದವರು ಹಳೇ ಗೇಲಿಕ್ ಕಾನೂನಾದ ಬ್ರೆಹನ್ ಕಾನೂನನ್ನು ಕೈಬರಹದಲ್ಲಿ ನಕಲು ಮಾಡ್ತಾ ಕೂತಿದ್ದರು. ಅವರ ಒಂದು ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, ಎಜರ್ಟನ್ 88 ಅಂತ. ನೆಲವನ್ನು ಅಣ್ಣತಮ್ಮಂದಿರು ಹೇಗೆ ಹಂಚಿಕೊಳ್ಳಬೇಕು ಅನ್ನೋದು ಆ ಕಾನೂನಿನಲ್ಲಿ ದೊಡ್ಡ ವಿಷಯ.

ನಿವೃತ್ತ ಸರ್ವೇಯರ್:

ನಕ್ಷೆ ಯಾರು ಮಾಡಿದರು? 17ನೇ ಶತಮಾನದಲ್ಲಿ ವಿಲಿಯಂ ಪೆಟ್ಟಿ ಅನ್ನೋರು ಮಾಡಿಸಿದ ಡೌನ್ ಸರ್ವೆ ಬಗ್ಗೆ ಕೇಳಿದ್ದೆ.

ತಾಳೆಗರಿ:

ವಿಲಿಯಂ ಪೆಟ್ಟಿಯ ಡೌನ್ ಸರ್ವೆ 1650ರ ದಶಕದ್ದು, ಅಳತೆಯನ್ನು ನಕ್ಷೆಯಲ್ಲಿ ‘ಇಳಿಸಿದ್ದರಿಂದ’ ಆ ಹೆಸರು. ಬ್ಯಾರನಿ ಬ್ಯಾರನಿಗೆ ನಕ್ಷೆ ಮಾಡಿದರು. ಆದರೆ ಕ್ಲೇರ್, ಗಾಲ್ವೇ, ರಾಸ್‌ಕಾಮನ್‌ಗಳನ್ನು ಬಹುಮಟ್ಟಿಗೆ ಬಿಟ್ಟರು, ಅಲ್ಲಿ 1630ರ ದಶಕದಲ್ಲೇ ಸ್ಟ್ರಾಫರ್ಡ್ ಸರ್ವೆ ಆಗಿತ್ತು. ಬರ್ರೆನ್‌ನ ಪ್ರತಿ ಗೋಡೆಯನ್ನೂ ಹಿಡಿದದ್ದು 19ನೇ ಶತಮಾನದ ಆರ್ಡ್ನೆನ್ಸ್ ಸರ್ವೆ, ಅಂದರೆ ಸರ್ಕಾರದ ನಕ್ಷೆ ಇಲಾಖೆ, ಮೈಲಿಗೆ ಆರು ಅಂಗುಲದ ನಕ್ಷೆ. ಊರ ಹೆಸರುಗಳನ್ನು ವಿಚಾರಿಸೋಕೆ ಜಾನ್ ಓಡೊನೊವನ್, ಯೂಜೀನ್ ಓಕರಿ 1839ರಲ್ಲಿ ಕ್ಲೇರ್ ತಿರುಗಿದರು. ಓಕರಿ ಕ್ಲೇರ್‌ನವರೇ. ಇವತ್ತು ಫಲಕಗಳಲ್ಲಿ ಓದೋ ಎಷ್ಟೋ ಕಾಗುಣಿತ ಆ ಕಾಲದ ಸರ್ವೆಯದ್ದು. ಗ್ಲೆನಿನಾ ಅಂದರೆ ಐವಿ ಬಳ್ಳಿಯ ಕಣಿವೆ, ಕಾರ‍್ರನ್ ಅಂದರೆ ಕಲ್ಲುಗುಡ್ಡೆ, ‘ಕಾಹರ್’ ಅಂತ ಶುರುವಾದರೆ ಕಲ್ಲುಕೋಟೆ.

ನಿವೃತ್ತ ಸರ್ವೇಯರ್:

ಹಾಗಾದರೆ ನಾನು ಒಂದು ಹೇಳಲೇಬೇಕು. ಅದೇ ಐರಿಶ್ ಸರ್ವೆಗೆ ತಳರೇಖೆ, ಅಂದರೆ ಉಳಿದ ಅಳತೆಗಳಿಗೆಲ್ಲ ಆಧಾರವಾಗೋ ಮೊದಲ ಗೆರೆ, ಅಳೆದದ್ದು ಉತ್ತರದ ಲಾಕ್ ಫಾಯ್ಲ್ ತೀರದಲ್ಲಿ, 1827-28ರಲ್ಲಿ. ಅದಕ್ಕೆ ಸರ್ವೆಯ ಮುಖ್ಯಸ್ಥ ಥಾಮಸ್ ಕೋಲ್ಬಿ ಹಿತ್ತಾಳೆ ಮತ್ತು ಕಬ್ಬಿಣದ ಪಟ್ಟಿ ಜೋಡಿಸಿ ಒಂದು ಅಳತೆಗೋಲು ಮಾಡಿದ. ಬಿಸಿಲಿಗೆ ಎರಡು ಲೋಹಗಳೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಆ ವ್ಯತ್ಯಾಸವನ್ನೇ ಬಳಸಿಕೊಂಡು ತುದಿಯ ಎರಡು ಚುಕ್ಕೆಗಳ ದೂರ ಬದಲಾಗದ ಹಾಗೆ ಇಟ್ಟ. ಭಾರತದ ಸರ್ವೆಯಿಂದ ರಜೆ ಮೇಲೆ ಊರಿಗೆ ಹೋಗಿದ್ದ ಜಾರ್ಜ್ ಎವರೆಸ್ಟ್ ಐರ್ಲೆಂಡಿಗೆ ಹೋಗಿ ಆ ಸರ್ವೆಯ ಕೆಲಸ ನೋಡಿ ಬಂದ, ಅದೇ ಬಗೆಯ ಗೋಲುಗಳನ್ನು ಭಾರತಕ್ಕೂ ತಂದ. 1868ರಲ್ಲಿ ಬೆಂಗಳೂರಿನ ತಳರೇಖೆ ಅಳೆದದ್ದು ಆ ಗೋಲುಗಳಿಂದಲೇ. ನಮ್ಮ ಹೊಲದ ಬಾಂದುಕಲ್ಲು ಹುಡುಕೋ ಪಾಠದ ಹಿಂದೆ ಒಂದು ಐರಿಶ್ ಕಡಲತೀರ ಇದೆ ಅಂತ ನಾನು ಕೆಲಸಕ್ಕೆ ಸೇರಿದ ವರ್ಷ ಹಿರಿಯರೊಬ್ಬರು ಹೇಳಿದ್ದರು. ಆ ನಾಡಿನ ಮಾತು ಇವತ್ತು ಇಲ್ಲಿ ಬಂತು.

ಹೊಸಬ:

ಮಠದ ಬಗ್ಗೆ ಇನ್ನೂ ಬರೀರಿ, ದಯವಿಟ್ಟು.

ಇಂಚಿಕ್ವಿನ್ ವಾಸಿ:

ಹೋದ ತಿಂಗಳು ಮತ್ತೆ ಹೋಗಿದ್ದೆ. ಲ್ಯಾಟಿನ್‌ನಲ್ಲಿ ಅದರ ಹೆಸರಿನ ಅರ್ಥ ‘ಫಲವತ್ತಾದ ಬಂಡೆಯ ಸಂತ ಮೇರಿ’. ಲಡ್ಲೋಗಿಂತ ನಾನೂರು ವರ್ಷ ಮೊದಲೇ ಆ ಸನ್ಯಾಸಿಗಳಿಗೆ ಈ ಕಲ್ಲಿನ ಗುಣ ತಿಳಿದಿತ್ತು. ಗರ್ಭಗುಡಿಯಂಥ ಒಳಭಾಗದಲ್ಲಿ ಕಂಬದ ತಲೆಗಳ ಮೇಲೆ ಹೂವು, ಮೊಗ್ಗು, ಎಲೆ ಕೆತ್ತಿದ್ದಾರೆ, ಉಳಿ ಎಷ್ಟು ಮೆಲ್ಲಗೆ ಆಡಿದೆ ಅಂದರೆ ಎಸಳಿನ ಅಂಚು ಬೆರಳಿಗೆ ಸಿಗುತ್ತೆ. ಅಲ್ಲಿಂದ ಹೊರಗಿನ ಸಭಾಂಗಣಕ್ಕೆ ಬಂದರೆ ಕೆಲಸ ಪೂರಾ ಸಾದಾ. ಶುರುವಿನ ಕೈ ಕೊನೆತನಕ ಉಳಿಯಲಿಲ್ಲ ಅನ್ನೋದು ಕಲ್ಲೇ ಹೇಳುತ್ತೆ. 1268ರಲ್ಲಿ ತೀರಿಕೊಂಡ ಕಾನರ್ ಓಬ್ರಯನ್ ದೊರೆಯ ಶಿಲಾಪ್ರತಿಮೆ ಗೋಡೆಯ ಗೂಡಿನಲ್ಲಿ ಮಲಗಿದೆ. ಹೊರಗೆ ಸ್ಮಶಾನದಲ್ಲಿ ಹೊಸ ಸಮಾಧಿಗಳೂ ಇವೆ.

ಕಲ್ಲುಹೂವು:

ಹಾಗಾದರೆ ಬರ್ರೆನ್ ಎಲ್ಲಿ ಮುಗಿಯುತ್ತೆ? ನನ್ನ ವಿಭಾಗದಲ್ಲಿ ಕೇಳಿದರೆ ಸುಣ್ಣಕಲ್ಲು ಮುಗಿಯೋ ಕಡೆ ಅಂತಾರೆ. ಹಾಗೆ ನೋಡಿದರೆ ಬ್ಯಾರನಿಯೊಳಗಿನ ಸ್ಲೀವ್ ಎಲ್ವಾ ಗುಡ್ಡದ ತಲೆಯೇ ಬರ್ರೆನ್ ಅಲ್ಲ. 344 ಮೀಟರ್ ಎತ್ತರದ ಆ ತಲೆ ಜೇಡಿಗಲ್ಲಿನದ್ದು. ಪ್ರವಾಸೋದ್ಯಮದವರನ್ನು ಕೇಳಿದರೆ ಕಡಲಂಚಿನ ಮೋಹರ್ ಬಂಡೆಗಳವರೆಗೂ ಎಳೀತಾರೆ, ಯುನೆಸ್ಕೊ ಮಾನ್ಯತೆಯ ಜಿಯೋಪಾರ್ಕ್ ಕೂಡ ಎರಡನ್ನೂ ಒಟ್ಟಿಗೆ ಹಿಡಿದಿದೆ. ವಿಸ್ತೀರ್ಣ 250 ಚದರ ಕಿಲೋಮೀಟರ್ ಅಂತ ಒಬ್ಬರು, 500 ದಾಟುತ್ತೆ ಅಂತ ಇನ್ನೊಬ್ಬರು.

ಇಂಚಿಕ್ವಿನ್ ವಾಸಿ:

ನನಗೆ ಅದಕ್ಕೇ ಬ್ಯಾರನಿ ಬೇಕು. ಬರ್ರೆನ್ ಅಂದರೆ ಇಷ್ಟು ಅಂತ ಗೆರೆ ಎಳೆದು ತೋರಿಸಬಲ್ಲದ್ದು ಅದೊಂದೇ. ಮಾರಾಟಕ್ಕೆ ಬಂದ ಹೆಸರು ಎಲ್ಲಿಗೆ ಬೇಕಾದರೂ ಹರೀಲಿ, ಈ ಗೆರೆ ಗೊತ್ತಿದ್ದರೆ ಮುಲ್ಲಾಮೋರ್ ನೋಡುವಾಗ ಇದು ಇಂಚಿಕ್ವಿನ್, ಇದಕ್ಕೆ ಇದರದ್ದೇ ಕಥೆ ಇದೆ ಅಂತ ನೆನಪಾಗುತ್ತೆ. 1990ರ ದಶಕದಲ್ಲಿ ಆ ಗುಡ್ಡದ ಬುಡದಲ್ಲಿ ಸರ್ಕಾರ ಪ್ರವಾಸಿ ಕೇಂದ್ರ ಕಟ್ಟೋಕೆ ಹೊರಟಾಗ ಊರೇ ಎರಡು ಪಾಲಾಗಿ ವರ್ಷಗಟ್ಟಲೆ ಜಗಳ ಆಯ್ತು, ಕಡೆಗೆ ಕಟ್ಟಡ ಬರಲಿಲ್ಲ. ನಮ್ಮ ಪಕ್ಕದವರು ಅದನ್ನು ‘ಬರ್ರೆನ್ ಜಗಳ’ ಅನ್ನಲ್ಲ, ಮುಲ್ಲಾಮೋರ್ ಅಂತಲೇ ಅಂತಾರೆ.

ನಿವೃತ್ತ ಸರ್ವೇಯರ್:

ಗೆರೆಯನ್ನು ನೆಲದ ಮೇಲೆ ಗುರುತಿಸೋಕೆ ಆಗುತ್ತಾ? ಬಾಂದುಕಲ್ಲು ಇದೆಯಾ?

ಇಂಚಿಕ್ವಿನ್ ವಾಸಿ:

ಬಾಂದುಕಲ್ಲು ನಾನು ಕಂಡಿಲ್ಲ. ಆರು ಅಂಗುಲದ ನಕ್ಷೆಯ ಪ್ರತಿ ಜೇಬಲ್ಲಿಟ್ಟುಕೊಂಡು ಒಂದು ಕಡೆ ಹೋಗಿ ನಿಂತೆ. ಅಲ್ಲಿ ಗೆರೆ ಒಂದು ಒಣಗೋಡೆಯ ಮೇಲೇ ಹೋಗುತ್ತೆ. ಗಾರೆ ಇಲ್ಲದೆ ಒಂದರ ಮೇಲೊಂದು ಏರಿಸಿದ ಕಲ್ಲು, ಸಂದಿಯಲ್ಲಿ ಆಚೆ ಕಡೆಯ ಆಕಾಶ ಕಾಣುತ್ತೆ. ಎರಡೂ ಕಡೆ ಅದೇ ಚಪ್ಪಡಿ, ಅದೇ ಹುಲ್ಲು. ಗೋಡೆಯಲ್ಲಿ ದನ ಹೋಗುವಷ್ಟು ಒಂದು ಕಿಂಡಿ ಇತ್ತು, ಅದಕ್ಕೆ ಒಂದು ತಗಡು ಅಡ್ಡ ಕಟ್ಟಿದ್ದರು. ಈ ಅಕ್ಟೋಬರ್ ಕೊನೆಗೆ ಪಕ್ಕದವರು ದನ ಹತ್ತಿಸುವಾಗ ಜೊತೆಗೆ ಬಾ ಅಂದಿದ್ದಾರೆ. ಅವರ ಚಳಿಗಾಲದ ಮೇವು ಆ ಗೋಡೆಯ ಯಾವ ಕಡೆ ಅಂತ ನೋಡಿಕೊಂಡು ಬಂದು ಬರೀತೀನಿ.